ಹದಿನಾಲ್ಕನೇ ನಂಬರಿನ ಡಬ್ಬ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವರ ಪೈಕಿಯವನಲ್ಲ. ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿಗೆ ಹೋಗಿ, ಮೂರು ವರ್ಷದ ಪದವಿಯನ್ನು ಏಳು ವರ್ಷ ಓದಿದವನು. ಅಲ್ಲಿ ಪ್ರಬಂಧ ಕಲಿಸುತ್ತಿದ್ದ ಮೇಷ್ಟ್ರು, ನನ್ನ ಬರವಣಿಗೆಯಲ್ಲಿ ತಪ್ಪೇನೂ ಇಲ್ಲ, ಆದರೆ ಓದಿದರೆ ರಸೀದಿ ಓದಿದ ಹಾಗಾಗುತ್ತದೆ ಎಂದಿದ್ದರು. ಅವರ ಮಾತು ನಿಜವಿರಬೇಕು. ಇದು ಒಂದು ಡಬ್ಬ ಶುಂಠಿ ಬಿಸ್ಕತ್ತಿನ ವಿಷಯ. ಲೋಕದಲ್ಲಿ ಇದಕ್ಕಿಂತ ದೊಡ್ಡ ಸಂಗತಿಗಳು ಬೇಕಾದಷ್ಟಿವೆ ಎಂಬ ಅರಿವೂ ನನಗಿದೆ.

ನಾನು ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನ ಗುಮಾಸ್ತ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಕನ್ನಡಕ, ಊಟದ ಕ್ಯಾರಿಯರ್, ಒಂದು ಸಲ ಹಲ್ಲುಸೆಟ್ಟು, ಇನ್ನೊಂದು ಸಲ ಒಂದು ಊರುಗೋಲು (ಅದನ್ನು ಬಿಟ್ಟವರು ಇಳಿದು ನಡೆದದ್ದು ಹೇಗೋ), ಎಲ್ಲಕ್ಕೂ ಚೀಟಿ ಕಟ್ಟಿ, ರಿಜಿಸ್ಟರಿನಲ್ಲಿ ಬರೆದು, ಕೇಳಿಕೊಂಡು ಬಂದವರಿಂದ ಗುರುತು ಹೇಳಿಸಿ, ಸಹಿ ಪಡೆದು ಕೊಡುವುದು ನನ್ನ ಕೆಲಸ. ಕೊಡುವ ಮುಂಚೆ, "ಅಲ್ಲಾ, ಕೈಲಿದ್ದದ್ದನ್ನ ಹೇಗೆ ಮರೀತೀರಿ ನೀವು?" ಎಂದು ಒಂದು ಮಾತು ಕೇಳುವುದು ನನ್ನ ರೂಢಿಯಾಗಿತ್ತು. ಆಗಿತ್ತು ಎಂದೇ ಬರೆಯುತ್ತಿದ್ದೇನೆ, ಗಮನಿಸಬೇಕು.

ಅಮ್ಮ ಹೋದಾಗ ಅವಳ ಸಾಮಾನುಗಳನ್ನು ನಾನು, ಅಕ್ಕ ಇಬ್ಬರೇ ಹಂಚಿಕೊಳ್ಳಬೇಕಿತ್ತು. ಅನ್ಯಾಯ ಆಗಬಾರದು ಎಂಬ ಒಂದೇ ಕಾರಣಕ್ಕೆ ನಾನೊಂದು ಪಟ್ಟಿ ಮಾಡಿದೆ. ಒಟ್ಟು ಮೂವತ್ತಾರು ವಸ್ತು. ಬೆಸಸಂಖ್ಯೆ ಅಕ್ಕನಿಗೆ, ಸಮಸಂಖ್ಯೆ ನನಗೆ. ಇದಕ್ಕಿಂತ ನಿಷ್ಪಕ್ಷಪಾತವಾದ ಕ್ರಮ ನನಗೆ ಇವತ್ತಿಗೂ ಹೊಳೆದಿಲ್ಲ. ಹದಿನಾಲ್ಕನೇ ನಂಬರಿಗೆ ಬಂದಾಗ ಅಕ್ಕ, "ಆ ಡಬ್ಬ ಒಂದು ನನಗಿರ್ಲಿ ಬಿಡೋ" ಎಂದಳು. ಅದು ಅಮ್ಮ ಬಿಸ್ಕತ್ತು ತುಂಬಿಡುತ್ತಿದ್ದ ತಗಡಿನ ಡಬ್ಬ. ಮುಚ್ಚಳದ ಮೇಲಿನ ಹಂಸದ ಚಿತ್ರದಲ್ಲಿ ಹಂಸದ ಕತ್ತು ಅಳಿಸಿಹೋಗಿ ಅದೀಗ ಮಡಕೆಯ ಹಾಗೆ ಕಾಣುತ್ತದೆ. ನಾನು ಪಟ್ಟಿ ನೋಡಿ, "ಅಕ್ಕಾ, ಹದಿನಾಲ್ಕು ಸಮಸಂಖ್ಯೆ" ಎಂದೆ.

ಅವಳು ಮೂವತ್ತೈದರವರೆಗೂ ತನಗೆ ಬಂದದ್ದನ್ನು ತೆಗೆದುಕೊಂಡಳು. ನಾನು ಸಹಿ ಹಾಕಲು ಹೇಳಿದೆ, ಹಾಕಿದಳು. ಕಾರ್ಬನ್ ಪ್ರತಿ ಕೊಟ್ಟೆ, ಮಡಿಚಿ ಚೀಲದಲ್ಲಿಟ್ಟುಕೊಂಡಳು. ಎಲ್ಲವೂ ಸುಸೂತ್ರವಾಗಿ ಮುಗಿಯಿತೆಂದು ನಾನು ಅಂದುಕೊಂಡೆ. ಆಮೇಲೆ ಎರಡು ವರ್ಷ ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಫೋನ್ ಮಾಡಿದರೆ ನನ್ನ ಹೆಂಡತಿಯ ಜೊತೆ ಮಾತಾಡಿ ಇಡುತ್ತಿದ್ದಳು.

"ಹೆತ್ತಮ್ಮನ ಡಬ್ಬಕ್ಕೆ ಲೆಕ್ಕದ ಪಾಠ ಹೇಳಿದ್ರಲ್ಲ, ಬಂದಾರಾ?" ಎಂದು ಹೆಂಡತಿ ಕೇಳಿದ ಮೇಲೆ ನನಗೆ ಅರ್ಥವಾಗಲು ಶುರುವಾಯಿತು. ನಾನು ನಿಧಾನ. ಪದವಿಯೂ ಏಳು ವರ್ಷ ಹಿಡಿಯಿತೆಂದು ಆಗಲೇ ಹೇಳಿದ್ದೇನೆ.

ಈ ಸಲದ ವರ್ಷಾಂತ್ಯದ ರಜೆಯಲ್ಲಿ ಹೆಂಡತಿಯೇ ಮಧ್ಯಸ್ಥಿಕೆ ಮಾಡಿದಳು. ಭಾನುವಾರ ಹನ್ನೊಂದು ಗಂಟೆಗೆ ತನ್ನ ಮನೆಗೆ ಬರುವುದಾದರೆ ಬರಲಿ ಎಂದು ಅಕ್ಕ ಒಪ್ಪಿದಳಂತೆ. ಪಟ್ಟಿ ಮಾತ್ರ ತರಬಾರದು ಎಂದಳಂತೆ. ನಾನು ಆಗಲೇ ತೀರ್ಮಾನಿಸಿದೆ. ಅಮ್ಮನ ಶುಂಠಿ ಬಿಸ್ಕತ್ತನ್ನು ನನ್ನ ಕೈಯಾರೆ ಮಾಡಿ, ಆ ಡಬ್ಬದಲ್ಲೇ ತುಂಬಿ, ಡಬ್ಬ ಸಮೇತ ಅಕ್ಕನ ಕೈಗಿಟ್ಟು, "ತಪ್ಪಾಯ್ತು, ಇದು ನಿಂದೇ" ಎನ್ನಬೇಕು. ಅವಳು ಮತ್ತೆ ಮನೆಗೆ ಬಂದು ಹೋಗುವ ಹಾಗಾಗಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಬಿಸ್ಕತ್ತಿನ ವಿಧಾನ ಅಮ್ಮನ ನೋಟುಪುಸ್ತಕದಲ್ಲಿತ್ತು. ಅದು ಇಪ್ಪತ್ತೆರಡನೇ ನಂಬರು, ನನ್ನ ಪಾಲಿನದು. ಅಮ್ಮ ಬರೆದದ್ದನ್ನು ಇದ್ದಹಾಗೆ ಇಲ್ಲಿ ಕೊಡುತ್ತೇನೆ: "ಮೈದಾ ದೊಡ್ಡ ಬಟ್ಟಲಲ್ಲಿ, ತಲೆ ಎದ್ದಷ್ಟು. ಬೆಣ್ಣೆ ಇದ್ದಷ್ಟು. ಕಾಕಂಬಿ ಚಮಚದಲ್ಲಿ ಮೂರು ಸಲ. ಒಣಶುಂಠಿ ಪುಡಿ ಚಮಚದ ಕತ್ತಿನವರೆಗೆ. ಚಕ್ಕೆ, ಲವಂಗ, ಜಾಯಿಕಾಯಿ ಚಮಚದ ತುದಿಗೆ. ಸೋಡಾ ಅದಕ್ಕಿಂತ ಕಡಿಮೆ. ಮೆಣಸು ಆರು ಕಾಳು, ನುಣ್ಣಗೆ ಪುಡಿ ಮಾಡಿ. ದೊಡ್ಡವಳಿಗೆ ಹೇಳಬಾರದು. ಬೇಯಿಸುವುದು ಮನೆ ಹೇಳುವವರೆಗೆ."

ಅಕ್ಕನಿಗೆ ಚಿಕ್ಕಂದಿನಿಂದ ಮೆಣಸು ಎಂದರೆ ಆಗದು. ಸಾರಿನಲ್ಲಿ ಒಂದು ಕಾಳು ಕಂಡರೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದಳು. ಅಮ್ಮ ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು, ಬಾಯಿ ಮುಚ್ಚಿಕೊಂಡು, ಅಷ್ಟೂ ವರ್ಷ ಅವಳಿಗೆ ಅದನ್ನೇ ತಿನ್ನಿಸಿದ್ದಾಳೆ. ಇದು ನನಗೂ ಆ ಸಾಲು ಓದಿದಾಗಲೇ ತಿಳಿದದ್ದು.

ಆದರೆ ತೊಂದರೆ ಮೆಣಸಿನದಲ್ಲ. ಇಡೀ ವಿಧಾನ ನಿಂತದ್ದು "ಚಮಚ"ದ ಮೇಲೆ. ಅದು ಅಮ್ಮನ ಹಿತ್ತಾಳೆ ಚಮಚ. ಪಟ್ಟಿಯಲ್ಲಿ ಒಂಬತ್ತನೇ ನಂಬರು. ಬೆಸ.

ಶನಿವಾರ ಬೆಳಿಗ್ಗೆ ಅಕ್ಕಪಕ್ಕದ ಮನೆಗಳಿಂದ ಆರು ಚಮಚ ಕೇಳಿ ತಂದೆ. ಒಂದೊಂದಕ್ಕೂ ಚೀಟಿ ಕಟ್ಟಿದೆ, ಅದಲು ಬದಲಾಗಬಾರದಲ್ಲ. ಅಮ್ಮನ ಚಮಚ ನೆನಪಿನಲ್ಲಿದ್ದಷ್ಟು ದೊಡ್ಡದು ಒಂದೂ ಇರಲಿಲ್ಲ. ಆದರೆ ನೆನಪಿನಲ್ಲಿರುವ ಚಮಚವನ್ನು ನಾನು ನೋಡಿದ್ದು ನನ್ನ ಕೈ ಚಿಕ್ಕದಿದ್ದಾಗ. ಆ ವ್ಯತ್ಯಾಸವನ್ನು ಕಳೆಯಲು ಒಂದು ಕಾಗದದ ಮೇಲೆ ಕೋಷ್ಟಕ ಹಾಕಿದೆ. ಹೆಂಡತಿ ಅದನ್ನು ನೋಡಿ, ಹಾಲು ಉಕ್ಕದಂತೆ ಒಲೆ ಆರಿಸಿ ಹೊರಗೆ ಹೋದಳು.

ಮೊದಲ ತಟ್ಟೆಗೆ ಸೋಡಾ ಹೆಚ್ಚಾಗಿತ್ತು. ಹನ್ನೆರಡು ಬಿಸ್ಕತ್ತು ಒಳಗೆ ಹೋದವು, ಒಂದು ಹೊರಗೆ ಬಂತು. ತಟ್ಟೆಯ ನಾಲ್ಕು ಮೂಲೆಗೂ ಹರಡಿಕೊಂಡು, ಬಿಡಿಸಲು ಹೋದರೆ ಚಕ್ಕಳದಂತೆ ಜಗ್ಗುತ್ತಿತ್ತು. ಎರಡನೆಯ ತಟ್ಟೆಯಲ್ಲಿ "ಮನೆ ಹೇಳುವವರೆಗೆ" ಎಂದರೆ ಎಷ್ಟು ಹೊತ್ತು ಎಂದು ಯೋಚಿಸುತ್ತ ಕುಳಿತೆ. ಮನೆ ಏನೂ ಹೇಳಲಿಲ್ಲ. ಹೇಳಿದ್ದು ಕೆಳಗಿನ ಮನೆಯ ಫೈರ್ ತಾತ.

ಫೈರ್ ತಾತ ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಆ ಮೂವತ್ತು ವರ್ಷದಲ್ಲಿ ಕಾಣದ ದೊಡ್ಡ ಬೆಂಕಿಯನ್ನು ಈಗಲಾದರೂ ಕಂಡೇನು ಎಂಬ ಆಸೆ ಅವರಿಗೆ ಇನ್ನೂ ಹೋಗಿಲ್ಲ. ಮರಳಿನ ಬಕೆಟ್ಟು ಹಿಡಿದು ಬಾಗಿಲು ತಟ್ಟದೆ ಒಳಗೆ ಬಂದರು. ಹೊಗೆ ಸರಿದ ಮೇಲೆ ಓವನಿನೊಳಗೆ ಬಗ್ಗಿ ನೋಡಿ, ಹನ್ನೆರಡು ಕರಿ ಬಿಲ್ಲೆಗಳನ್ನು ಎಣಿಸಿ, "ಯಾರನ್ನೂ ಉಳಿಸೋಕಾಗ್ಲಿಲ್ಲ" ಎಂದರು. ಆಮೇಲೆ ಕೆಳಗೆ ಹೋಗದೆ, ಅಡಿಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು, ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕುಳಿತರು. ನನ್ನಂಥವರ ಮೇಲೆ ಕಣ್ಣಿಡುವುದು ತಮ್ಮ ಕರ್ತವ್ಯ ಎಂದು ವಿವರಿಸಿದರು.

ಮೂರನೆಯ ತಟ್ಟೆಯ ಬಿಸ್ಕತ್ತು ಗಟ್ಟಿಯಾಯಿತು. ಎಷ್ಟು ಗಟ್ಟಿ ಎಂದರೆ, ಹಲ್ಲಿನಲ್ಲಿ ಪರೀಕ್ಷಿಸಲು ಒಪ್ಪದ ಫೈರ್ ತಾತ ಅದನ್ನು ಬಕೆಟ್ಟಿಗೆ ಬಡಿದರು. ಬಕೆಟ್ಟು ನೆಗ್ಗಿತು.

ನಾಲ್ಕನೆಯದಕ್ಕೆ ಕೋಷ್ಟಕವನ್ನು ಹರಿದು ಹಾಕಿದೆ. ಶುಂಠಿ ಕುಟ್ಟಿ ಕುಟ್ಟಿ, ಸೀನಿ ಸೀನಿ ಅಷ್ಟು ಹೊತ್ತಿಗೆ ನನ್ನ ಮೂಗು ಪೂರ್ತಿ ಕಟ್ಟಿಹೋಗಿತ್ತು. ಕಣ್ಣಲ್ಲಿ ನೀರು. ಯಾವ ಚಮಚ ತೆಗೆದುಕೊಂಡೆನೋ, ಎಷ್ಟು ಸಲ ಹಾಕಿದೆನೋ ನನಗೇ ತಿಳಿಯಲಿಲ್ಲ. ಮೆಣಸು ಮಾತ್ರ ಎಣಿಸಿದೆ, ಆರು. ಲಟ್ಟಿಸಿ, ಲೋಟದ ಬಾಯಿಂದ ಒತ್ತಿ, ನಾಲ್ಕು ಕಂತಿನಲ್ಲಿ ಬೇಯಲು ಇಟ್ಟೆ. ಸ್ವಲ್ಪ ಹೊತ್ತಿಗೆ ಫೈರ್ ತಾತ ಮೂಗು ಮೇಲೆತ್ತಿ, "ತೆಗಿಯಪ್ಪ. ಮನೆ ಹೇಳ್ತು. ಇಡೀ ಬೀದಿಗೇ ಹೇಳ್ತು" ಎಂದರು.

ಹೊರಗೆ ಬಂದವು ನೋಡಲು ಅಮ್ಮನವೇ. ಕಂದು ಬಣ್ಣ, ಮೇಲೆ ಒಣಗಿದ ಕೆರೆಯಂತೆ ಸಣ್ಣ ಬಿರುಕು. ಬಾಯಿಗೆ ಹಾಕಿಕೊಂಡೆ. ಬಿಸಿ ಎನ್ನುವುದು ತಿಳಿಯಿತು, ಬೇರೇನೂ ತಿಳಿಯಲಿಲ್ಲ. ಮೂಗು ಕಟ್ಟಿದವನಿಗೆ ಶುಂಠಿಯೂ ಒಂದೇ, ಸುಣ್ಣವೂ ಒಂದೇ. ಹೆಂಡತಿಯನ್ನು ಕರೆದು ತಿನ್ನಿಸಿದೆ. ಚೆನ್ನಾಗಿದೆ ಎಂದಳು. ಅಮ್ಮ ಮಾಡಿದ ಹಾಗಿದೆಯೇ ಎಂದೆ. "ನಾನು ಈ ಮನೆಗೆ ಬರೋ ಹೊತ್ತಿಗೆ ಅತ್ತೆಗೆ ಹಲ್ಲೆಲ್ಲ ಬಿದ್ದು ಬಿಸ್ಕತ್ತು ಮಾಡೋದೇ ಬಿಟ್ಟಿದ್ರು. ನನಗೇನು ಗೊತ್ತು? ಆ ರುಚಿ ಗೊತ್ತಿರೋದು ಇಬ್ಬರಿಗೆ. ಒಬ್ಬರಿಗೆ ಮೂಗು ಕಟ್ಟಿದೆ, ಇನ್ನೊಬ್ಬರು ಮಾತು ಬಿಟ್ಟಿದಾರೆ" ಎಂದಳು.

ಒಡೆದದ್ದು ಫೈರ್ ತಾತನಿಗೆ ಹೋಯಿತು. ಒಡೆಯದೆ ಉಳಿದದ್ದು ಮೂವತ್ನಾಲ್ಕು. ಡಬ್ಬದಲ್ಲಿ ಜೋಡಿಸಿ ಮುಚ್ಚಳ ಹಾಕಿದೆ.

ಭಾನುವಾರ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದೆ. ನಡುವೆ ಒಬ್ಬ ಹೆಂಗಸು ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿದಳು. ಎದ್ದು ಜಾಗ ಕೊಟ್ಟು, ಡಬ್ಬವನ್ನು ಮೇಲಿನ ಹಲಗೆಯ ಮೇಲಿಟ್ಟೆ. ನಾನು ಅಜಾಗರೂಕನಲ್ಲ. ತಕ್ಷಣ ಟಿಕೆಟ್ಟಿನ ಹಿಂದೆ "ಡಬ್ಬ ಮೇಲಿದೆ" ಎಂದು ಬರೆದು ಅಂಗೈಯಲ್ಲಿ ಹಿಡಿದುಕೊಂಡೆ. ಆಮೇಲೆ ಅಕ್ಕನ ಮುಂದೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡತೊಡಗಿದೆ. "ತಪ್ಪಾಯ್ತು" ಮೊದಲು ಬರಬೇಕೋ, "ಇದು ನಿಂದೇ" ಮೊದಲು ಬರಬೇಕೋ ಎಂಬ ಚರ್ಚೆ ಮುಗಿಯುವ ಮುಂಚೆ ಅವಳ ನಿಲ್ದಾಣ ಬಂತು. ಇಳಿದೆ. ಬಸ್ಸು ಹೋಯಿತು. ಬೆವೆತ ಕೈ ಬಿಡಿಸಿದರೆ ಚೀಟಿ ಇತ್ತು. ಅಕ್ಷರಗಳು ಸ್ವಲ್ಪವೂ ಕಲಸಿರಲಿಲ್ಲ.

ಅಕ್ಕನ ಮನೆ ಅಲ್ಲಿಂದ ನೂರು ಹೆಜ್ಜೆ. ಬರಿಗೈಯಲ್ಲಿ ಹೋಗಿದ್ದರೂ ಆಗುತ್ತಿತ್ತು ಎಂದು ಹೆಂಡತಿ ಈಗ ಹೇಳುತ್ತಾಳೆ. ಆಗ ನನ್ನ ತಲೆಗೆ ಹೊಳೆದದ್ದು ಒಂದೇ. ಆ ಬಸ್ಸಿನ ಸುತ್ತು ಮುಗಿಯುವುದು ನಮ್ಮ ನಿಲ್ದಾಣದಲ್ಲಿ, ಕಂಡಕ್ಟರು ಡಬ್ಬವನ್ನು ಒಪ್ಪಿಸುವುದು ನನ್ನದೇ ಕೌಂಟರಿಗೆ. ಮತ್ತು ಆಹಾರ ಪದಾರ್ಥವನ್ನು ಅದೇ ದಿನ ಸಂಜೆ ಆರಕ್ಕೆ ಕಸಕ್ಕೆ ಹಾಕಬೇಕು. ಅದು ನಿಯಮ ಐದು. ಬರೆದವನು ನಾನು.

ಭಾನುವಾರದ ಪಾಳಿಯಲ್ಲಿ ನನ್ನ ಕಿರಿಯ ಸಹೋದ್ಯೋಗಿ ಇದ್ದಳು. ನಾನೇ ಎರಡು ವರ್ಷ ತಿದ್ದಿ ತೀಡಿದವಳು. ಡಬ್ಬ ಬಂದಿತ್ತು, ಅವಳ ಹಿಂದಿನ ಕಪಾಟಿನಲ್ಲಿ ಹಂಸದ ಮಡಕೆ ಕಾಣುತ್ತಿತ್ತು. ನಾನು ಎಂದಿನಂತೆ ಪಕ್ಕದ ಬಾಗಿಲಿನಿಂದ ಒಳಗೆ ಹೋಗಲು ನೋಡಿದೆ.

"ಸರ್, ಹಳದಿ ಗೆರೆ ಆಚೆ ನಿಂತ್ಕೊಳ್ಳಿ" ಎಂದಳು.

ನಿಂತೆ. ಹನ್ನೊಂದು ವರ್ಷದಲ್ಲಿ ಆ ಕಡೆ ನಿಂತದ್ದು ಅದೇ ಮೊದಲು. ಕೌಂಟರು ಅಷ್ಟು ಎತ್ತರವಿದೆ ಎಂದು ನನಗೆ ಗೊತ್ತಿರಲಿಲ್ಲ.

ಡಬ್ಬ ನನ್ನದು ಎಂದೆ. ಅವಳು ನಿಯಮಾವಳಿ ತೆರೆದು ಏಳನೆಯದನ್ನು ಓದಿದಳು. ಸಿಬ್ಬಂದಿಯ ಸ್ವಂತ ವಸ್ತು ಸಿಕ್ಕಿದರೆ, ಅವರ ಮನೆಯಲ್ಲಾಗಲಿ ಅದೇ ಕಟ್ಟಡದಲ್ಲಾಗಲಿ ವಾಸಿಸದ, ಆ ವಸ್ತುವನ್ನು ಬಲ್ಲ ಒಬ್ಬರು ಖುದ್ದಾಗಿ ಬಂದು ಗುರುತು ಹೇಳಿ ಸಹಿ ಹಾಕತಕ್ಕದ್ದು. ಅದನ್ನೂ ಬರೆದವನು ನಾನೇ. ನನಗಿಂತ ಹಿಂದೆ ಇದ್ದ ಗುಮಾಸ್ತರು ಕೌಂಟರಿಗೆ ಬಂದ ಒಳ್ಳೆಯ ಕೊಡೆಗಳನ್ನೆಲ್ಲ ತಮ್ಮದೆಂದು ಗುರುತು ಹಿಡಿಯುತ್ತಿದ್ದರು. ಅದಕ್ಕಾಗಿ ಬಿಗಿ ಮಾಡಿದ್ದೆ.

ನನ್ನನ್ನು ನಿನಗೆ ಗೊತ್ತಿಲ್ಲವೇ ತಾಯಿ ಎಂದು ಕೇಳಿದೆ. "ಗೊತ್ತಿದೆ ಸರ್. ಪರಿಚಯದವರಿಗೆ ಎರಡು ಪಟ್ಟು ಬಿಗಿಯಾಗಿರಬೇಕು ಅಂತ ನೀವೇ ಹೇಳ್ಕೊಟ್ಟಿದ್ದು" ಎಂದಳು. ನಿಜಕ್ಕೂ ಒಳ್ಳೆಯ ಹುಡುಗಿ. ಅವಳ ವಾರ್ಷಿಕ ವರದಿಯಲ್ಲಿ ಹಾಗೆಂದೇ ಬರೆದಿದ್ದೇನೆ.

ಆ ಡಬ್ಬವನ್ನು ಬಲ್ಲವರು, ನನ್ನ ಕಟ್ಟಡದ ಹೊರಗೆ, ಭೂಮಿಯ ಮೇಲೆ ಒಬ್ಬಳೇ ಇದ್ದಳು.

ಫೋನ್ ಮಾಡಿದೆ. ಆಗಲೇ ಹನ್ನೆರಡೂವರೆ. ಎರಡು ವರ್ಷದಲ್ಲಿ ಅಕ್ಕ ನನ್ನ ಫೋನನ್ನು ತಾನೇ ಎತ್ತಿಕೊಂಡದ್ದು ಅದೇ ಮೊದಲು. ಅಭ್ಯಾಸ ಮಾಡಿದ ಮಾತೆಲ್ಲ ಬಸ್ಸಿನ ಜೊತೆ ಹೋಗಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು: "ಅಕ್ಕಾ, ಒಂದು ಸಹಿ ಬೇಕಿತ್ತು."

ನಾನು ಕೌಂಟರಿನ ವಿಳಾಸ ಹೇಳಿದೆ, ಸಂಜೆ ಆರರ ಗಡುವು ಹೇಳಿದೆ, ಗುರುತಿನ ಕಾಗದ ತರಬೇಕೆಂದು ಹೇಳಿದೆ. ಅವಳು ಫೋನಿಟ್ಟಳು. ಬರುತ್ತಾಳೋ ಇಲ್ಲವೋ ತಿಳಿಯದೆ ಹಳದಿ ಗೆರೆಯ ಆಚೆ ಬೆಂಚಿನ ಮೇಲೆ ಕುಳಿತೆ.

ಸಿಬ್ಬಂದಿಯ ವಸ್ತುವಾದ್ದರಿಂದ ಮೇಲಧಿಕಾರಿಯ ಸಹಿಯೂ ಬೇಕಿತ್ತು. ಸಾಹೇಬರ ಮನೆ ನಿಲ್ದಾಣದ ಹಿಂದೆಯೇ. ಊಟ ಮುಗಿಸಿ ಚಪ್ಪಲಿಯಲ್ಲೇ ಬಂದರು. ನನ್ನನ್ನು ಬೆಂಚಿನ ಮೇಲೆ ಕಂಡು, ನಿಯಮ ಎಂದರೆ ಹೀಗಿರಬೇಕು, ಬರೆದವನನ್ನೂ ಬಿಡಬಾರದು ಎಂದು ಮೆಚ್ಚಿಕೊಂಡರು. ಡಬ್ಬವನ್ನು ಪರಿಶೀಲಿಸಬೇಕೆಂದು ಅದನ್ನೆತ್ತಿಕೊಂಡು ಒಳಕೋಣೆಗೆ ಹೋದರು. ಪರಿಶೀಲನೆಗೆ ಐದು ನಿಮಿಷ ಹಿಡಿಯಿತು. ಆಮೇಲೆ ನನ್ನ ಸಹೋದ್ಯೋಗಿ ಎಣಿಸಿ, ಒಳಗಿನ ಪದಾರ್ಥ "ಬಿಸ್ಕತ್ತು, ಮೂವತ್ಮೂರು" ಎಂದು ಬರೆದುಕೊಂಡಳು.

ನಾಲ್ಕು ಗಂಟೆಗೆ ಅಕ್ಕ ಬಂದಳು. ಮನೆಯಲ್ಲಿ ಹಾಕುವ ಸ್ವೆಟರಿನಲ್ಲೇ ಬಂದಿದ್ದಳು. ನನ್ನತ್ತ ನೋಡಲಿಲ್ಲ. ಕೌಂಟರಿಗೆ ಹೋಗಿ ನಿಂತು, ಕೇಳುವ ಮುಂಚೆಯೇ ಹೇಳತೊಡಗಿದಳು. ಮುಚ್ಚಳದ ಮೇಲೆ ಹಂಸ, ಕತ್ತಿಲ್ಲ. ಎಡಗಡೆ ನೆಗ್ಗಿದೆ. ಅದು ತಾನು ಒಂಬತ್ತು ವರ್ಷದವಳಿದ್ದಾಗ ಕಪಾಟಿನ ಮೇಲಿಂದ ಕದ್ದು ತೆಗೆಯಲು ಹೋಗಿ ಬೀಳಿಸಿದ್ದು. ಮುಚ್ಚಳದ ಒಳಗೆ ಮೊಳೆಯಿಂದ ಗೀಚಿದ ಎರಡು ಗೊಂಬೆಗಳಿವೆ, ದೊಡ್ಡದು ತಾನು, ಚಿಕ್ಕದು ಇವನು. ನನ್ನ ಸಹೋದ್ಯೋಗಿ ಮುಚ್ಚಳ ತಿರುಗಿಸಿ ನೋಡಿದಳು. ಎರಡು ವರ್ಷ ಆ ಡಬ್ಬ ನನ್ನ ಮನೆಯಲ್ಲೇ ಇತ್ತು. ನಾನು ಮುಚ್ಚಳ ತಿರುಗಿಸಿ ನೋಡಿರಲಿಲ್ಲ.

"ವಸ್ತು ಯಾರದು ಅಂತ ಬರೀಲಿ ಮೇಡಂ?"

"ನಮ್ಮಮ್ಮಂದು."

ಅವರು ಬರಬಹುದೇ ಎಂದು ಸಹೋದ್ಯೋಗಿ ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ಈಗ ಯಾರ ಹೆಸರಿಗೆ ಎಂದಳು ಹುಡುಗಿ, ಪೆನ್ನು ಎತ್ತಿ ಹಿಡಿದು. ಅಕ್ಕ ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿದಳು. ನನ್ನ ಕೈಚೀಲದ ಒಳಜೇಬಿನಲ್ಲಿ ಪಟ್ಟಿ ಇತ್ತು. ತರಬೇಡ ಎಂದಿದ್ದರೂ ಇತ್ತು, ಅದು ಯಾವಾಗಲೂ ಅಲ್ಲೇ ಇರುತ್ತದೆ. ನಾನು ಜೇಬಿಗೆ ಕೈ ಹಾಕಲಿಲ್ಲ.

"ಅಕ್ಕಂದೇ. ಅಕ್ಕನ ಹೆಸರಿಗೆ ಬರೆಯಮ್ಮ" ಎಂದೆ.

ಅಷ್ಟಕ್ಕೆ ಎಲ್ಲ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಹೋದ್ಯೋಗಿ ಪೆನ್ನು ಕೆಳಗಿಟ್ಟು, ಮಧ್ಯಾಹ್ನ ನೀವೇ ನಿಮ್ಮದು ಅಂದಿರಲ್ಲ ಸರ್ ಎಂದಳು. ಸಾಹೇಬರು ಗಂಭೀರರಾದರು. ಪರರ ವಸ್ತುವನ್ನು ತನ್ನದೆಂದು ಸಿಬ್ಬಂದಿ ಹೇಳಿಕೊಂಡರೆ ನಿಯಮ ಒಂಬತ್ತು, ಮೂರು ದಿನದೊಳಗೆ ಲಿಖಿತ ವಿವರಣೆ. ಅದನ್ನು ಬರೆದವರು ಯಾರೆಂದು ಮತ್ತೆ ಹೇಳುವುದಿಲ್ಲ. ನನಗೆ ಅಲ್ಲೇ ಮೆಮೊ ತಯಾರಾಯಿತು.

ಮೆಮೊ ಕೊಡುತ್ತ, ವಾತಾವರಣ ತಿಳಿಯಾಗಲೆಂದೋ ಏನೋ, ಸಾಹೇಬರು ಕೇಳಿದರು: "ಅಂದ ಹಾಗೆ, ಇದರಲ್ಲಿ ಮೆಣಸು ಹಾಕಿದೀರಾ?"

ಮುಚ್ಚಿದ ಡಬ್ಬದೊಳಗಿನ ಮೆಣಸು ಅವರಿಗೆ ಹೇಗೆ ತಿಳಿಯಿತು ಎಂಬ ಬಗ್ಗೆ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಅವರು ಮೇಲಧಿಕಾರಿ.

ಅಕ್ಕ ನನ್ನತ್ತ ತಿರುಗಿದಳು. "ನಮ್ಮಮ್ಮ ಮೆಣಸು ಹಾಕ್ತಿರ್ಲಿಲ್ಲ" ಎಂದಳು.

ನೋಟುಪುಸ್ತಕದ ಸಾಲು ನನ್ನ ಕಣ್ಣ ಮುಂದೆ ಬಂತು. ಹೇಳಿದರೆ ಅಮ್ಮ ಅಷ್ಟು ವರ್ಷ ಕಾಪಾಡಿದ ಗುಟ್ಟು ಬಸ್ ನಿಲ್ದಾಣದಲ್ಲಿ, ಸಾಹೇಬರ ಎದುರಿಗೆ ರಟ್ಟಾಗುತ್ತದೆ. ಹೇಳದಿದ್ದರೆ, ಅಮ್ಮನ ಬಿಸ್ಕತ್ತನ್ನೂ ಸರಿಯಾಗಿ ಮಾಡಲಾರದವನು ನಾನು. ಬಾಯಿ ತೆರೆದೆ. ಸೀನು ಬಂತು.

ಅಕ್ಕ ರಿಜಿಸ್ಟರಿಗೆ ಸಹಿ ಹಾಕಿದಳು. ಹುಡುಗಿ ಕೊಟ್ಟ ರಸೀದಿಯ ಕಾರ್ಬನ್ ಪ್ರತಿಯನ್ನು ನನ್ನ ಕೈಗೆ ಹಿಡಿಸಿ, "ತಗೋ. ಇದಂದ್ರೆ ನಿನಗೆ ಜೀವ ಅಲ್ವಾ" ಎಂದಳು. ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕುಳಿತಳು. ಬಸ್ಸು ಹೊರಡುವವರೆಗೂ ನೋಡಿದೆ. ಮುಚ್ಚಳ ತೆಗೆಯಲಿಲ್ಲ. "ತಪ್ಪಾಯ್ತು" ಎಂದು ನಾನು ಹೇಳಲೇ ಇಲ್ಲ ಎಂದು ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನೆನಪಾಯಿತು.

ಮನೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದೆ. ಫೈರ್ ತಾತ ಕೇಳಿಸಿಕೊಂಡು, ನನಗೆ ಬಸ್ಸಿನಲ್ಲಿ ಆದದ್ದಕ್ಕಿಂತ ಓವನಿನಲ್ಲಿ ಆದ ನಷ್ಟವೇ ಕಡಿಮೆ ಎಂದರು. ಹೆಂಡತಿ ಆರು ಚಮಚಗಳ ಚೀಟಿ ಬಿಚ್ಚಿ ಅವರವರ ಮನೆಗೆ ತಲುಪಿಸಿ ಬಂದಳು. ನಾನು ವಿವರಣೆ ಬರೆಯಲು ಕುಳಿತೆ. ನಾಲ್ಕು ಪುಟವಾಯಿತು. ಸಾಹೇಬರು ಓದಿ, ಅರ್ಥವಾಗಲಿಲ್ಲ, ಆದರೆ ಅಂಗೀಕರಿಸಿದೆ ಎಂದು ಷರಾ ಬರೆದರು.

ಹದಿನೈದು ದಿನ ಅಕ್ಕನಿಂದ ಸುದ್ದಿಯಿಲ್ಲ. ಹದಿನಾರನೆಯ ದಿನ ಮಧ್ಯಾಹ್ನ ಕಂಡಕ್ಟರೊಬ್ಬ ಮೂರು ಕೊಡೆ, ಒಂದು ಟೋಪಿ ಕೌಂಟರಿನ ಮೇಲೆ ಸುರಿದು, ಕೊನೆಗೆ ಒಂದು ತಗಡಿನ ಡಬ್ಬ ಇಟ್ಟ. ಹಂಸಕ್ಕೆ ಕತ್ತಿರಲಿಲ್ಲ.

ನಿಯಮದಂತೆ ಸಹೋದ್ಯೋಗಿಯ ಎದುರಿಗೇ ತೆರೆದೆ. ಬಿಸ್ಕತ್ತು ಇರಲಿಲ್ಲ. ಒಂದು ಚೂರೂ ಇರಲಿಲ್ಲ. ತೊಳೆದು, ಒರೆಸಿ, ಒಣಗಿಸಿದ ಡಬ್ಬ. ಅದರೊಳಗೆ, ಕರವಸ್ತ್ರದಲ್ಲಿ ಸುತ್ತಿಟ್ಟ ಅಮ್ಮನ ಹಿತ್ತಾಳೆ ಚಮಚ. ಒಂಬತ್ತನೇ ನಂಬರು. ನಾನು ಅಂದುಕೊಂಡಿದ್ದಕ್ಕಿಂತ ತೀರ ಚಿಕ್ಕದು.

ಬಸ್ಸು ಯಾವುದು ಎಂದು ಕಂಡಕ್ಟರನನ್ನು ಕೇಳಿದೆ. ನಮ್ಮ ಬೀದಿಯ ಮೇಲೆ ಹೋಗುವುದು ಎಂದ. ಯಾರು ಬಿಟ್ಟರು, ಎಲ್ಲಿ ಇಳಿದರು ಎಂದೆ. ದಿನಕ್ಕೆ ಸಾವಿರ ಜನ ಇಳಿಯುತ್ತಾರೆ ಸ್ವಾಮಿ ಎಂದು ಹೋದ. ಹೆಂಡತಿಗೆ ಫೋನ್ ಮಾಡಿ, ಅಕ್ಕ ಬಂದಿದ್ದಳೇ ಎಂದು ವಿಚಾರಿಸಿದೆ. ಅವಳು ಬೆಳಿಗ್ಗೆಯಿಂದ ಹೊರಗಿದ್ದಳು. ಫೈರ್ ತಾತ ನಿದ್ದೆ ಮಾಡುತ್ತಿದ್ದರು. ಬೀಗ ನೋಡಿ ಯಾರಾದರೂ ಹಿಂದಿರುಗಿದರೋ, ಬಾಗಿಲವರೆಗೆ ಯಾರೂ ಬರಲೇ ಇಲ್ಲವೋ, ಹೇಳುವವರಿಲ್ಲ.

ರಿಜಿಸ್ಟರಿನ ಪ್ರಕಾರ ಡಬ್ಬ ಅಕ್ಕನದು. ವಾರಸುದಾರರಿಗೆ ನಾವಾಗಿ ತಿಳಿಸುವಂತಿಲ್ಲ, ಅವರೇ ಕೇಳಿಕೊಂಡು ಬರಬೇಕು, ತೊಂಬತ್ತು ದಿನ ಕಾಯಬೇಕು. ಅದು ನಿಯಮ ಎರಡು. ನಿಯಮಕ್ಕೆ ಬೆಂಕಿ ಹಾಕಿ ಫೋನ್ ಮಾಡಿ ಎನ್ನುತ್ತಾಳೆ ಹೆಂಡತಿ. ಮೂರು ಸಲ ನಂಬರು ಒತ್ತಿದ್ದೇನೆ. ಏನು ಹೇಳಲಿ ಎಂದು ಯೋಚಿಸಿದರೆ ನಾಲಿಗೆಯ ತುದಿಗೆ ಬರುವುದು ಒಂದೇ ಮಾತು: ಅಕ್ಕಾ, ಒಂದು ಸಹಿ ಬೇಕಿತ್ತು. ಇಟ್ಟುಬಿಡುತ್ತೇನೆ.

ಬಿಸ್ಕತ್ತನ್ನು ಅವಳು ತಿಂದಳೋ, ಕಸಕ್ಕೆ ಸುರಿದಳೋ ನನಗೆ ಗೊತ್ತಿಲ್ಲ. ತಿಂದಿದ್ದರೆ ಅದು ಅಮ್ಮನದರ ಹಾಗಿತ್ತೋ, ಮೆಣಸು ನಾಲಿಗೆಗೆ ಸಿಕ್ಕಿತೋ, ಅಥವಾ ಅಮ್ಮನದರಲ್ಲೂ ಇತ್ತೆಂದು ಅವಳಿಗೆ ಮೊದಲಿನಿಂದ ಗೊತ್ತಿದ್ದೇ ಇತ್ತೋ, ಅದೂ ಗೊತ್ತಿಲ್ಲ. ಚಮಚ ಇಟ್ಟದ್ದು ಸರಿಯಾಗಿ ಮಾಡು ಎಂದೋ, ಅಮ್ಮನ ಸಾಮಾನು ನೀನೇ ಇಟ್ಟುಕೋ ಎಂದೋ. ಡಬ್ಬವನ್ನು ನಮ್ಮ ಮನೆಗೆ ತರುತ್ತಿದ್ದವಳು ನನ್ನ ಹಾಗೆಯೇ ಮರೆತು ಇಳಿದಳೋ, ನನಗೇ ಸಿಗಲಿ ಎಂದು ಬಿಟ್ಟಳೋ. ಡಬ್ಬ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದೆ. ಇವತ್ತಿಗೆ ನಲವತ್ತೊಂದನೇ ದಿನ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಬಾಗಿಲು ಕಾಣುವ ಹಾಗೆ ಹಾಕಿಕೊಂಡಿದ್ದೇನೆ. ಕೊಡೆ ಕೇಳಿಕೊಂಡು ಬಂದವರನ್ನು, ಹೇಗೆ ಮರೆತಿರಿ ಎಂದು ಈಗ ನಾನು ಕೇಳುವುದಿಲ್ಲ.